ವಿನ್ಯಾಸದ ಮಾದರಿಯಿಂದ ಕಾಮಗಾರಿ ನಕ್ಷೆಗೆ: ನಡುವೆ ಕಳೆದುಹೋಗುವುದೇನು, ಅದರ ಖರ್ಚು ಯಾರದು?

ಹುಬ್ಬಳ್ಳಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ, ಬೆಂಗಳೂರಿನ ಪೀಣ್ಯದಲ್ಲಾಗಲಿ ಹೊಸ ಗೋದಾಮು, ಷೋರೂಂ ಅಥವಾ ವಸತಿ ಸಮುಚ್ಚಯ ಕಟ್ಟಿಸಲು ಹೊರಟ ಉದ್ಯಮಿಗೆ ಇಂದು ವಾಸ್ತುಶಿಲ್ಪಿಯ ಕಚೇರಿಯಲ್ಲಿ ಮೊದಲು ತೋರಿಸುವುದು ಕಾಗದದ ನಕ್ಷೆಯನ್ನಲ್ಲ. ಗಣಕಯಂತ್ರದ ಪರದೆಯ ಮೇಲೆ ಮೂರು ಆಯಾಮಗಳಲ್ಲಿ ನಿಂತಿರುವ ಕಟ್ಟಡವನ್ನು. ಅದನ್ನು ಸುತ್ತ ತಿರುಗಿಸಿ ನೋಡಬಹುದು, ಒಳಹೊಕ್ಕು ಬರಬಹುದು, ಮಧ್ಯಾಹ್ನ ಮೂರು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆಂದು ಕೇಳಬಹುದು. ಮಾಲೀಕರು ಒಪ್ಪುತ್ತಾರೆ, ಮುಂಗಡವನ್ನೂ ಕೊಡುತ್ತಾರೆ. ಆರು ವಾರ ಕಳೆದ ಮೇಲೆ ವಿಚಾರಿಸಿದರೆ ಕಾಮಗಾರಿ ನಕ್ಷೆಗಳು ಇನ್ನೂ ತಯಾರಾಗುತ್ತಿವೆ ಎಂಬ ಉತ್ತರ ಬರುತ್ತದೆ. ಕಟ್ಟಡ ಆಗಲೇ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತಲ್ಲ, ಅದನ್ನೇ ನಕ್ಷೆಯಾಗಿ ತೆಗೆದುಕೊಡಲು ಇಷ್ಟು ದಿನ ಏಕೆ ಎಂದು ಮಾಲೀಕರು ಕೇಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪರದೆಯ ಮೇಲೆ ಕಂಡ ಕಟ್ಟಡವೂ ಗುತ್ತಿಗೆದಾರನ ಕೈಸೇರಬೇಕಾದ ನಕ್ಷೆಯೂ ಬಹುತೇಕ ಕಚೇರಿಗಳಲ್ಲಿ ಎರಡು ಬೇರೆ ಬೇರೆ ತಂತ್ರಾಂಶಗಳಲ್ಲಿ ಹುಟ್ಟುತ್ತವೆ. ಒಂದರಿಂದ ಮತ್ತೊಂದಕ್ಕೆ ಸಾಗಿಸುವಾಗ ಆಕಾರ ದಾಟುತ್ತದೆ, ಅರ್ಥ ದಾಟುವುದಿಲ್ಲ. ಹೀಗೆ ಉಳಿದುಹೋದದ್ದನ್ನು ಯಾರಾದರೊಬ್ಬರು ಮತ್ತೆ ತುಂಬಲೇಬೇಕು. ಅದರ ಖರ್ಚು ಯಾರ ಖಾತೆಗೆ ಎಂಬುದನ್ನು ಕರಾರುಪತ್ರಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಎರಡು ತಂತ್ರಾಂಶ, ಎರಡು ಸ್ವಭಾವ

ವಿನ್ಯಾಸದ ಹಂತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಕೆಚ್‌ಅಪ್. ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಸಣ್ಣ ಕಂಪನಿ 2000ದಲ್ಲಿ ಹೊರತಂದ ಈ ತಂತ್ರಾಂಶವನ್ನು 2006ರಲ್ಲಿ ಗೂಗಲ್ ಕೊಂಡುಕೊಂಡಿತು. 2012ರಲ್ಲಿ ಅದು ಟ್ರಿಂಬಲ್ ಕಂಪನಿಯ ಪಾಲಾಯಿತು. ಕಾಮಗಾರಿ ದಾಖಲೆಗಳಿಗೆ ಬಳಕೆಯಾಗುವ ರೆವಿಟ್ ಕೂಡ 2000ದಲ್ಲೇ ಮಾರುಕಟ್ಟೆಗೆ ಬಂದದ್ದು. ಆಟೋಕ್ಯಾಡ್‌ನ ತಯಾರಕರಾದ ಆಟೋಡೆಸ್ಕ್ ಕಂಪನಿಯು 2002ರಲ್ಲಿ 13.3 ಕೋಟಿ ಡಾಲರ್ ಕೊಟ್ಟು ಅದನ್ನು ತನ್ನದಾಗಿಸಿಕೊಂಡಿತು. ಒಂದೇ ವರ್ಷದಲ್ಲಿ ಹುಟ್ಟಿದರೂ ಇವೆರಡರ ಸ್ವಭಾವ ಉತ್ತರ ದಕ್ಷಿಣ.

ಸ್ಕೆಚ್‌ಅಪ್‌ಗೆ ಗೊತ್ತಿರುವುದು ಅಂಚು ಮತ್ತು ಮುಖ, ಇವೆರಡೇ. ನಾಲ್ಕು ಗೆರೆಗಳು ಕೂಡಿದರೆ ಒಂದು ಮುಖ. ಆ ಮುಖವನ್ನು ಎಳೆದರೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಗೋಡೆಯೋ, ತೊಲೆಯೋ, ಕಪಾಟೋ ಎಂಬುದು ಬಿಡಿಸಿದವರ ಮನಸ್ಸಿನಲ್ಲಿರುತ್ತದೆಯೇ ಹೊರತು ಕಡತದಲ್ಲಿರುವುದಿಲ್ಲ. ಆದ್ದರಿಂದಲೇ ಅದು ಬಹಳ ವೇಗ. ಮಾಲೀಕರ ಎದುರಿಗೇ ಮಹಡಿಯೊಂದನ್ನು ಎತ್ತರಿಸಿ ತೋರಿಸಬಹುದು.

ರೆವಿಟ್‌ನಲ್ಲಿ ಹಾಗೆ ಸಾಧ್ಯವಿಲ್ಲ. ಅಲ್ಲಿ ಗೋಡೆ ಎಂದರೆ ಗೋಡೆಯೇ. ಅದರ ಬ್ಲಾಕ್ ಎಷ್ಟು ದಪ್ಪ, ಎರಡೂ ಬದಿಯ ಗಿಲಾವು ಎಷ್ಟು, ಅದು ಹೊರಗೋಡೆಯೋ ಒಳಗೋಡೆಯೋ, ಯಾವ ಮಹಡಿಯಿಂದ ಯಾವ ಮಹಡಿಯವರೆಗೆ ಏರುತ್ತದೆ ಎಂಬುದೆಲ್ಲ ಅದರೊಂದಿಗೇ ದಾಖಲಾಗಿರುತ್ತದೆ. ಬಾಗಿಲು ಗೋಡೆಯನ್ನು ಆಶ್ರಯಿಸಿಯೇ ಇರಬೇಕು. ಗೋಡೆ ಸರಿದರೆ ಬಾಗಿಲೂ ಸರಿಯುತ್ತದೆ, ಬಾಗಿಲುಗಳ ಪಟ್ಟಿಯೂ ತಾನಾಗಿ ತಿದ್ದಿಕೊಳ್ಳುತ್ತದೆ. ತಳನಕ್ಷೆ, ಛೇದನಕ್ಷೆ, ಮುಂಭಾಗದ ನೋಟ ಎಲ್ಲವೂ ಒಂದೇ ಮಾಹಿತಿಕೋಶದ ಬೇರೆ ಬೇರೆ ನೋಟಗಳು.

ವರ್ತಕರಿಗೆ ಇದನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳಿದರೆ ಬೇಗ ಮನವರಿಕೆಯಾದೀತು. ವರ್ಷದ ಮಧ್ಯದಲ್ಲಿ ಒಂದು ಲೆಕ್ಕದ ತಂತ್ರಾಂಶವನ್ನು ಬಿಟ್ಟು ಮತ್ತೊಂದಕ್ಕೆ ಹೋದ ಅನುಭವ ಅನೇಕ ಸಂಸ್ಥೆಗಳಿಗಿದೆ. ಹೊಸದಕ್ಕೆ ಸುಲಭವಾಗಿ ಬರುವುದು ಖಾತೆಗಳ ಶಿಲ್ಕು ಮಾತ್ರ. ಆ ಶಿಲ್ಕು ಹೇಗೆ ಬಂತೆಂದು ಹೇಳುವ ವೋಚರುಗಳು, ಬಿಲ್ಲುವಾರು ಬಾಕಿ, ಸರಕಿನ ಬ್ಯಾಚು ಇವೆಲ್ಲ ಹಿಂದೆಯೇ ಉಳಿಯುತ್ತವೆ. ಅಡಾವೆ ಪತ್ರಿಕೆ ತಾಳೆಯಾಗುತ್ತದೆ, ನೋಡಲು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಒಬ್ಬ ಗಿರಾಕಿ ಯಾವ ಬಿಲ್ಲಿನ ಹಣ ಬಾಕಿ ಇದೆ ಎಂದು ಕೇಳಿದ ದಿನ ಉತ್ತರವಿರುವುದಿಲ್ಲ. ಸ್ಕೆಚ್‌ಅಪ್ ಮಾದರಿಯನ್ನು ರೆವಿಟ್‌ಗೆ ಆಮದು ಮಾಡಿಕೊಂಡಾಗ ಆಗುವುದು ಇದೇ. ಪರದೆಯ ಮೇಲೆ ಕಟ್ಟಡ ಇದ್ದ ಹಾಗೆಯೇ ಕಾಣುತ್ತದೆ. ಆದರೆ ರೆವಿಟ್‌ನ ದೃಷ್ಟಿಯಲ್ಲಿ ಅದು ಹೊರಗಿನಿಂದ ತಂದಿಟ್ಟ ಒಂದು ಗಟ್ಟಿ. ಅದರಲ್ಲಿ ಎಷ್ಟು ಬಾಗಿಲುಗಳಿವೆ ಎಂದು ಕೇಳಿದರೆ ಒಂದೂ ಇಲ್ಲ.

ಸಾಗಣೆಯಲ್ಲಿ ಸಿಕ್ಕಿಬೀಳುವ ಜಾಗಗಳು

ಮೊದಲನೆಯದು ಅಳತೆಯ ಮಾನ. ನಮ್ಮಲ್ಲಿ ನಿವೇಶನ ಅಡಿಯಲ್ಲಿ, ಜಮೀನು ಗುಂಟೆಯಲ್ಲಿ, ಮಾರಾಟ ಚದರಡಿಯಲ್ಲಿ. ಕಬ್ಬಿಣ ಮತ್ತು ಕಾಂಕ್ರೀಟಿನ ನಕ್ಷೆ ಮಿಲಿಮೀಟರಿನಲ್ಲಿ. ಅಂಗುಲದಲ್ಲಿ ಬಿಡಿಸಿದ ಮಾದರಿಯನ್ನು ಮತ್ತೊಂದು ತಂತ್ರಾಂಶ ಮಿಲಿಮೀಟರ್ ಎಂದು ಓದಿಕೊಂಡರೆ ಕಟ್ಟಡ 25.4 ಪಟ್ಟು ಕುಗ್ಗುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಅಪಾಯವಿರುವುದು ಸಣ್ಣ ವ್ಯತ್ಯಾಸಗಳಲ್ಲಿ. ವಿನ್ಯಾಸಕಾರ ಅಂದಾಜಿಗೆ ಆರು ಅಂಗುಲವೆಂದು ಎಳೆದ ಗೋಡೆ ಕಾಮಗಾರಿಯಲ್ಲಿ ಎಂಟು ಅಂಗುಲದ ಬ್ಲಾಕ್ ಆದಾಗ ಆ ಎರಡು ಅಂಗುಲ ಒಳಕ್ಕೆ ಬಂತೋ ಹೊರಕ್ಕೆ ಹೋಯಿತೋ ಎಂಬುದನ್ನು ಯಾರೂ ನಿರ್ಧರಿಸಿರುವುದಿಲ್ಲ.

ಎರಡನೆಯದು ಮೂಲಬಿಂದು. ಸರ್ವೆ ಮಾಡಿದವರು ಇಂದು ಉಪಗ್ರಹ ಆಧಾರಿತ ನಿರ್ದೇಶಾಂಕಗಳನ್ನು ಕೊಡುತ್ತಾರೆ. ಆ ಪದ್ಧತಿಯಲ್ಲಿ ಬೆಂಗಳೂರಿನ ನಿವೇಶನವೊಂದರ ಉತ್ತರದಿಕ್ಕಿನ ಅಂಕಿ ಸುಮಾರು 14 ಲಕ್ಷ ಮೀಟರ್, ಅಂದರೆ ಭೂಮಧ್ಯರೇಖೆಯಿಂದ ಇರುವ ದೂರ. ಕಟ್ಟಡವನ್ನು ಅದೇ ಅಂಕಿಯ ಮೇಲೆ ಕೂರಿಸಿ ಕಳುಹಿಸಿದರೆ ಅದು ರೆವಿಟ್‌ನ ಒಳಗಿನ ಮೂಲಬಿಂದುವಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಹೋಗಿ ಬೀಳುತ್ತದೆ. ಸುಮಾರು 16 ಕಿಲೋಮೀಟರಿನಾಚೆಗಿನ ಆಕಾರಗಳನ್ನು ಆ ತಂತ್ರಾಂಶ ನಿಖರವಾಗಿ ನಿಭಾಯಿಸುವುದಿಲ್ಲ; ಗೆರೆಗಳು ಅದುರಿದಂತೆ ಕಾಣುತ್ತವೆ, ಅಳತೆ ಜಾರುತ್ತದೆ. ಕಟ್ಟಡವನ್ನು ಮೂಲಬಿಂದುವಿನ ಬಳಿಯೇ ಇಟ್ಟುಕೊಂಡು ಸರ್ವೆಯ ಅಂಕಿಯನ್ನು ಪ್ರತ್ಯೇಕವಾಗಿ ನಮೂದಿಸುವುದೇ ಸರಿಯಾದ ಕ್ರಮ.

ಮೂರನೆಯದು ದುಂಡಗಿನ ಆಕಾರಗಳು. ಇದು ಲೆಕ್ಕಿಗರ ಗಮನಕ್ಕೆ ಬರಬೇಕಾದ ಸಂಗತಿ. ಸ್ಕೆಚ್‌ಅಪ್‌ನಲ್ಲಿ ನಿಜವಾದ ವೃತ್ತವೇ ಇಲ್ಲ. ಬಳಕೆದಾರ ಬದಲಾಯಿಸದಿದ್ದರೆ ಅದು ವೃತ್ತವನ್ನು 24 ನೇರ ಗೆರೆಗಳ ಬಹುಭುಜವಾಗಿಯೇ ಎಳೆಯುತ್ತದೆ. ಆ ಬಹುಭುಜದ ವಿಸ್ತೀರ್ಣ ನಿಜವಾದ ವೃತ್ತಕ್ಕಿಂತ ಶೇಕಡಾ 1.14ರಷ್ಟು ಕಡಿಮೆ. 600 ಮಿಲಿಮೀಟರ್ ವ್ಯಾಸದ, 4 ಮೀಟರ್ ಎತ್ತರದ 100 ಕಂಬಗಳಿದ್ದರೆ ಕಾಂಕ್ರೀಟ್ ಬೇಕಾಗುವುದು 113.10 ಘನಮೀಟರ್, ಮಾದರಿಯಿಂದ ತೆಗೆದ ಲೆಕ್ಕ ತೋರಿಸುವುದು 111.81. ಒಂದೂಕಾಲು ಘನಮೀಟರಿನ ಈ ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಮಾದರಿಯಿಂದ ನೇರವಾಗಿ ಬಂದ ಅಂಕಿ ಎಂದ ಮಾತ್ರಕ್ಕೆ ಅದನ್ನು ಪ್ರಶ್ನಿಸದೆ ಪರಿಮಾಣ ಪಟ್ಟಿಗೆ ಇಳಿಸಿಬಿಡುವ ಪ್ರವೃತ್ತಿ ಹೆಚ್ಚುತ್ತಿದೆ, ಅದು ಸರಿಯಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಕಂಬದೊಳಗೆ ಗೋಡೆ ತೂರಿಕೊಂಡು ಅಷ್ಟು ಜಾಗ ಎರಡು ಬಾರಿ ಎಣಿಕೆಯಾದಾಗ.

ಇದರ ಜೊತೆಗೆ ಅಳತೆಯ ನಿಯಮದ ಪ್ರಶ್ನೆಯೂ ಇದೆ. ನಮ್ಮ ಗುತ್ತಿಗೆಗಳಲ್ಲಿ ಕೆಲಸವನ್ನು ಅಳೆಯುವುದು ಭಾರತೀಯ ಮಾನಕ 1200ರ ಪ್ರಕಾರ. ಗಿಲಾವಿನ ಕೆಲಸದಲ್ಲಿ ಅರ್ಧ ಚದರ ಮೀಟರಿನವರೆಗಿನ ತೆರಪುಗಳನ್ನು ಕಳೆಯುವಂತಿಲ್ಲ; ಅದಕ್ಕಿಂತ ಹೆಚ್ಚು, 3 ಚದರ ಮೀಟರಿನವರೆಗೆ ಇದ್ದರೆ ಒಂದು ಬದಿಯನ್ನು ಮಾತ್ರ ಕಳೆಯಬೇಕು. ತಂತ್ರಾಂಶಕ್ಕೆ ಈ ರಿಯಾಯಿತಿಗಳು ತಿಳಿಯವು. ಅದು ಪ್ರತಿಯೊಂದು ಕಿಟಕಿಯನ್ನೂ ಪೂರ್ತಿ ಕಳೆದು ನಿವ್ವಳ ವಿಸ್ತೀರ್ಣ ಕೊಡುತ್ತದೆ. ಮಾದರಿಯ ಅಂಕಿಯನ್ನು ಅಂದಾಜು ಪಟ್ಟಿಯಲ್ಲಿ ಬಳಸಿ, ಅಳತೆ ಪುಸ್ತಕವನ್ನು ಮಾನಕದ ಪ್ರಕಾರ ಬರೆದರೆ ಕೊನೆಯ ಬಿಲ್ಲಿನಲ್ಲಿ ಜಗಳ ಖಚಿತ. ಅಲ್ಲಿ ಗುತ್ತಿಗೆದಾರನೇ ಸರಿಯಾಗಿರುತ್ತಾನೆ.

ಉಳಿದ ತೊಡಕುಗಳು ಕಚೇರಿಯೊಳಗಿನವು. ಅಂದಕ್ಕಾಗಿ ತುಂಬಿದ ಮರ, ಕಾರು, ಮನುಷ್ಯಾಕೃತಿಗಳು ಕಡತವನ್ನು ಭಾರವಾಗಿಸುತ್ತವೆ. ಹೊಸ ಆವೃತ್ತಿಯ ಸ್ಕೆಚ್‌ಅಪ್ ಕಡತವನ್ನು ರೆವಿಟ್ ಎಷ್ಟೋ ಸಲ ಸ್ವೀಕರಿಸುವುದಿಲ್ಲ. ಹಳೆಯ ಆವೃತ್ತಿಯಾಗಿ ಉಳಿಸಿ ಕಳುಹಿಸಬೇಕಾಗುತ್ತದೆ. ಆಮದಾದ ಗಟ್ಟಿಯನ್ನು ಒಡೆದು ಬಿಡಿಬಿಡಿ ಗೆರೆಗಳಾಗಿಸುವ ಆಸೆಗೆ ಬಿದ್ದವರ ಕಡತ ಕಸದ ತೊಟ್ಟಿಯಾಗುತ್ತದೆ.

ಚದರಡಿಯ ಪ್ರಶ್ನೆ

ವಸತಿ ಸಮುಚ್ಚಯ ಕಟ್ಟಿ ಮಾರುವವರಿಗೆ ಈ ವಿಷಯ ತಾಂತ್ರಿಕ ಕುತೂಹಲವಾಗಿ ಉಳಿದಿಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯು ಕಾರ್ಪೆಟ್ ವಿಸ್ತೀರ್ಣವನ್ನು ನಿರ್ದಿಷ್ಟವಾಗಿ ವ್ಯಾಖ್ಯಾನಿಸಿದೆ. ಹೊರಗೋಡೆಗಳು ಆವರಿಸಿದ ಜಾಗ, ಕೊಳಾಯಿ ಮುಂತಾದವು ಸಾಗುವ ಶಾಫ್ಟ್, ಆ ಮನೆಗೇ ಮೀಸಲಾದ ಬಾಲ್ಕನಿ ಮತ್ತು ತೆರೆದ ತಾರಸಿ ಇವು ಲೆಕ್ಕಕ್ಕಿಲ್ಲ. ಒಳಗಿನ ವಿಭಜಕ ಗೋಡೆಗಳು ಲೆಕ್ಕಕ್ಕುಂಟು. ಎಂದರೆ ಯಾವುದು ಹೊರಗೋಡೆ, ಯಾವುದು ವಿಭಜಕ ಗೋಡೆ ಎಂಬ ತಿಳಿವಳಿಕೆಯ ಮೇಲೆಯೇ ಮಾರಾಟದ ಅಂಕಿ ನಿಂತಿದೆ. ವಿನ್ಯಾಸದ ಮಾದರಿಯಲ್ಲಿ ಇಲ್ಲದಿರುವುದು ಸರಿಯಾಗಿ ಈ ತಿಳಿವಳಿಕೆಯೇ.

ಲೆಕ್ಕ ಹಾಕಿ ನೋಡಬಹುದು. ಹೊರ ಅಳತೆ 30 ಅಡಿ, 40 ಅಡಿ ಇರುವ ಒಂದು ಮನೆ. ಲೆಕ್ಕದ ಸರಳತೆಗಾಗಿ ನಾಲ್ಕೂ ಕಡೆ ಹೊರಗೋಡೆ ಎಂದಿಟ್ಟುಕೊಳ್ಳಬಹುದು, ಒಳಗೆ ಶಾಫ್ಟ್ ಆಗಲಿ ಬಾಲ್ಕನಿಯಾಗಲಿ ಇಲ್ಲ. ಗೋಡೆ ಆರು ಅಂಗುಲವಾದರೆ ಒಳಗಿನ ವಿಸ್ತೀರ್ಣ 29 ಗುಣಿಸು 39, ಅಂದರೆ 1,131 ಚದರಡಿ. ಅದೇ ಹೊರ ಅಳತೆಗೆ ಗೋಡೆ ಎಂಟು ಅಂಗುಲವಾದರೆ 1,108.44 ಚದರಡಿ. ವ್ಯತ್ಯಾಸ 22.56 ಚದರಡಿ, ಶೇಕಡಾ ಎರಡರ ಸಮೀಪ. ಚದರಡಿಗೆ 6,000 ರೂಪಾಯಿ ದರವೆಂದುಕೊಂಡರೆ ಒಂದು ಮನೆಗೆ ಸುಮಾರು 1.35 ಲಕ್ಷ, 80 ಮನೆಗಳಿಗೆ ಒಂದು ಕೋಟಿ ಎಂಟು ಲಕ್ಷ. ಕರಪತ್ರವನ್ನು ವಿನ್ಯಾಸದ ಮಾದರಿಯಿಂದಲೂ ಕಟ್ಟಡವನ್ನು ಕಾಮಗಾರಿ ಮಾದರಿಯಿಂದಲೂ ತಯಾರಿಸಿದ ನಿರ್ಮಾಪಕರು ಈ ಎರಡು ಅಂಗುಲಕ್ಕೆ ತೆರುವ ಬೆಲೆ ಇದು. ಮಂಜೂರಾದ ನಕ್ಷೆ ಮತ್ತು ಸಾಮಾನ್ಯ ಪ್ರದೇಶಗಳನ್ನು ಅನಂತರ ಬದಲಾಯಿಸಲು ಖರೀದಿದಾರರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕೆಂದು ಅದೇ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಆದ್ದರಿಂದ ಕೊನೆಗೆ ನೋಡಿಕೊಂಡರಾಯಿತು ಎಂಬುದಕ್ಕೆ ಆಸ್ಪದವಿಲ್ಲ.

ಎರಡು ಮಾದರಿಗಳ ನಡುವೆ ಬ್ಯಾಂಕ್ ತಾಳೆ ಪಟ್ಟಿಯಂಥ ಒಂದು ಪಟ್ಟಿ ಇರಬೇಕು. ಪ್ರತಿ ಮನೆಯ, ಪ್ರತಿ ಕೋಣೆಯ ವಿಸ್ತೀರ್ಣವನ್ನು ಎಡಗಡೆ ವಿನ್ಯಾಸದ ಮಾದರಿಯಿಂದ, ಬಲಗಡೆ ಕಾಮಗಾರಿ ಮಾದರಿಯಿಂದ ಬರೆದು, ವ್ಯತ್ಯಾಸಕ್ಕೆ ಕಾರಣವನ್ನು ನಮೂದಿಸಿ ವಾಸ್ತುಶಿಲ್ಪಿಯ ಸಹಿ ಪಡೆಯಬೇಕು. ಒಂದು ದಿನದ ಕೆಲಸ. ಇದಾಗುವವರೆಗೆ ಕರಪತ್ರ ಮುದ್ರಣಕ್ಕೆ ಹೋಗಬಾರದು.

ಪರಿವರ್ತನೆ ಎಂಬ ಪದ

ಇಷ್ಟೆಲ್ಲ ತೊಡಕಿದ್ದರೆ ನೇರವಾಗಿ ಪರಿವರ್ತಿಸುವ ದಾರಿಯೇ ಇಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ದಾರಿಗಳಿವೆ, ಅರ್ಧ ದಾರಿಗಳು. ರೆವಿಟ್‌ನಲ್ಲಿ ಆಕಾರವನ್ನು ಮಾಸ್ ಎಂಬ ವರ್ಗದೊಳಗೆ ತಂದು ಅದರ ಮುಖಗಳ ಮೇಲೆ ಗೋಡೆ, ಛಾವಣಿಗಳನ್ನು ಹೊದಿಸಬಹುದು. ವಕ್ರವಾದ ಮುಂಭಾಗಕ್ಕೆ ಇದು ಉಪಯುಕ್ತ. ಆದರೆ ಆಮೇಲೆ ಮೂಲ ಆಕಾರ ಬದಲಾದರೆ ಹೊದಿಸಿದ ಗೋಡೆ ತಾನಾಗಿ ಹಿಂಬಾಲಿಸುವುದಿಲ್ಲ, ಪ್ರತಿ ಸಲ ಹೇಳಿ ಮಾಡಿಸಬೇಕು. ರೈನೋ ಎಂಬ ವಿನ್ಯಾಸ ತಂತ್ರಾಂಶವನ್ನು ಬಳಸುವವರಿಗೆ ಅದನ್ನು ರೆವಿಟ್‌ನ ಒಳಗೇ ಚಲಾಯಿಸುವ ಸೌಲಭ್ಯ ದೊರೆತಿದೆ. ಅದು ಸಮರ್ಥವಾದದ್ದು, ಅದಕ್ಕೆ ತಕ್ಕ ತರಬೇತಿ ಪಡೆದವರು ಬೇಕು.

ಎಲ್ಲ ತಂತ್ರಾಂಶಗಳಿಗೂ ಸಾಮಾನ್ಯವಾದ ಒಂದು ಭಾಷೆಯನ್ನು ಕಟ್ಟುವ ಯತ್ನ 1990ರ ದಶಕದ ಮಧ್ಯದಲ್ಲೇ ಆರಂಭವಾಯಿತು. ಐಎಫ್‌ಸಿ ಎಂದು ಕರೆಯಲಾಗುವ ಈ ಮುಕ್ತ ಸ್ವರೂಪವನ್ನು ಬಿಲ್ಡಿಂಗ್‌ಸ್ಮಾರ್ಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ನಿರ್ವಹಿಸುತ್ತದೆ. ಅದರ ನಾಲ್ಕನೆಯ ಆವೃತ್ತಿ 2013ರಲ್ಲಿ ಐಎಸ್‌ಒ 16739 ಎಂಬ ಮಾನಕವಾಯಿತು, 4.3 ಆವೃತ್ತಿಗೆ 2024ರಲ್ಲಿ ಆ ಮನ್ನಣೆ ದೊರೆಯಿತು. ಇದರಲ್ಲಿ ಗೋಡೆಯನ್ನು ಗೋಡೆ ಎಂದೇ ಹೆಸರಿಸಿ ಕಳುಹಿಸಬಹುದು. ಸ್ಕೆಚ್‌ಅಪ್‌ನಲ್ಲೂ ಪೆಟ್ಟಿಗೆಗಳಿಗೆ ಹೀಗೆ ಹೆಸರಿಡುವ ಸೌಲಭ್ಯವಿದೆ, ಹೆಸರಿಡುವ ತಾಳ್ಮೆ ಇದ್ದವರಿಗೆ. ಇಡದಿದ್ದರೆ ಎಲ್ಲವೂ ಹೆಸರಿಲ್ಲದ ವಸ್ತು ಎಂಬ ಒಂದೇ ವರ್ಗದಲ್ಲಿ ಹೋಗಿ ಬೀಳುತ್ತವೆ. ಹೆಸರಿಟ್ಟು ಕಳುಹಿಸಿದರೂ ಐಎಫ್‌ಸಿ ಕಡತವನ್ನು ಮುಖ್ಯವಾಗಿ ನೋಡಲು, ತಾಳೆಹಾಕಲು, ಬೇರೆ ಸಲಹೆಗಾರರ ಕೆಲಸದೊಂದಿಗೆ ಹೊಂದಿಸಲು ಬಳಸುತ್ತಾರೆಯೇ ಹೊರತು ಅದನ್ನೇ ತಿದ್ದುತ್ತ ಮುಂದುವರಿಯಲು ಅಲ್ಲ. ನೋಟರಿ ದೃಢೀಕರಿಸಿದ ನಕಲಿಗೂ ಮೂಲ ಪತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ಹಾಗಾಗಿ ಅನುಭವಿ ಕಚೇರಿಗಳು ಪರಿವರ್ತನೆಯ ಆಸೆಯನ್ನೇ ಬಿಟ್ಟಿವೆ. ವಿನ್ಯಾಸದ ಮಾದರಿಯನ್ನು ಸ್ವಚ್ಛಗೊಳಿಸಿ, ಮಹಡಿವಾರು ಬೇರ್ಪಡಿಸಿ, ರೆವಿಟ್‌ನಲ್ಲಿ ಕೇವಲ ಆಧಾರವಾಗಿ ಇಟ್ಟುಕೊಂಡು, ಅದರ ಮೇಲೆ ನಿಜವಾದ ಗೋಡೆ, ತೊಲೆ, ಬಾಗಿಲುಗಳನ್ನು ಹೊಸದಾಗಿಯೇ ಕಟ್ಟುತ್ತಾರೆ. ಕೆಲಸ ಮುಗಿದ ಮೇಲೆ ಆಧಾರವನ್ನು ತೆಗೆದುಹಾಕುತ್ತಾರೆ, ಸೆಂಟ್ರಿಂಗ್ ಬಿಚ್ಚಿದ ಹಾಗೆ. ಇದು ಮರುಕೆಲಸವೆಂದು ತೋರಿದರೂ ವ್ಯರ್ಥವಲ್ಲ. ಗೋಡೆಯ ದಪ್ಪ ಎಷ್ಟು, ಸಜ್ಜಾ ಎಲ್ಲಿ, ಮಳೆನೀರು ಎತ್ತ ಎಂಬ ನಿರ್ಧಾರಗಳು ನಿಜವಾಗಿ ಆಗುವುದು ಈ ಮರುನಿರ್ಮಾಣದಲ್ಲೇ. ವಿನ್ಯಾಸದ ಹಂತದಲ್ಲಿ ಆ ನಿರ್ಧಾರಗಳು ಇನ್ನೂ ಆಗಿರಲಿಲ್ಲ. ಆಗದ ನಿರ್ಧಾರವನ್ನು ಯಾವ ತಂತ್ರಾಂಶವೂ ಸಾಗಿಸಲಾರದು.

ಎಲ್ಲ ಕಟ್ಟಡಕ್ಕೂ ಇದು ಬೇಕೇ ಎಂದರೆ, ಬೇಡ. ಒಂದು ಮನೆ, ಒಂದು ಮಳಿಗೆ, ಸರಳವಾದ ಒಂದು ಶೆಡ್ಡು ಇಷ್ಟಕ್ಕೆ ಸ್ಕೆಚ್‌ಅಪ್‌ನ ಜೊತೆಗೇ ಬರುವ ಲೇಔಟ್ ಎಂಬ ತಂತ್ರಾಂಶದಲ್ಲಿ ನಕ್ಷೆ ತೆಗೆಯಬಹುದು. ಮಾದರಿ ಬದಲಾದಾಗ ನಕ್ಷೆಯನ್ನು ನವೀಕರಿಸಿಕೊಳ್ಳಬಹುದು. ಅಥವಾ ಆಟೋಕ್ಯಾಡ್‌ನಲ್ಲಿ ನೇರವಾಗಿ ಎರಡು ಆಯಾಮದ ನಕ್ಷೆ ಬಿಡಿಸಿದರೂ ಸಾಕು. ಹವಾನಿಯಂತ್ರಣ, ವಿದ್ಯುತ್ತು, ಅಗ್ನಿಶಾಮಕ, ಕಬ್ಬಿಣದ ಚೌಕಟ್ಟು ಎಂದು ಮೂರು ನಾಲ್ಕು ಸಲಹೆಗಾರರು ಒಂದೇ ಕಟ್ಟಡದ ಮೇಲೆ ಕೆಲಸ ಮಾಡುವಾಗ ಮಾತ್ರ ರೆವಿಟ್‌ನಂಥ ತಂತ್ರಾಂಶದ ಶ್ರಮಕ್ಕೆ ಬೆಲೆ ಬರುತ್ತದೆ. ಆಗಲೂ ಎಲ್ಲರೂ ಒಂದೇ ಆವೃತ್ತಿಯಲ್ಲಿರಬೇಕು. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಒಬ್ಬ ಸಲಹೆಗಾರ ತಿಳಿಯದೆ ಮುಂದಿನ ಆವೃತ್ತಿಗೆ ಹೋದರೆ ಉಳಿದವರೆಲ್ಲ ಹಣ ತೆತ್ತು ಅವನ ಹಿಂದೆ ಹೋಗಬೇಕು, ಇಲ್ಲವೇ ಅವನ ಕೆಲಸ ಮತ್ತೊಮ್ಮೆ ಆಗಬೇಕು.

ನಷ್ಟ ಯಾರ ಪಾಲಿಗೆ

ತಂತ್ರಾಂಶಗಳು ಪರಸ್ಪರ ಮಾತನಾಡದಿರುವುದರ ಖರ್ಚನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯೊಂದು ಅಂದಾಜು ಮಾಡಿತ್ತು. 2002ನೇ ವರ್ಷಕ್ಕೆ ಸಂಬಂಧಿಸಿದಂತೆ, ಆ ದೇಶದ ವಾಣಿಜ್ಯ, ಸಾಂಸ್ಥಿಕ ಮತ್ತು ಕೈಗಾರಿಕಾ ಕಟ್ಟಡ ಕ್ಷೇತ್ರದಲ್ಲಿ ಈ ನಷ್ಟ 1,580 ಕೋಟಿ ಡಾಲರ್. ಒಟ್ಟು ಮೊತ್ತಕ್ಕಿಂತ ಅದರ ಹಂಚಿಕೆ ಹೆಚ್ಚು ಗಮನಾರ್ಹವಾದದ್ದು. ವಾಸ್ತುಶಿಲ್ಪಿಗಳು ಮತ್ತು ಎಂಜಿನಿಯರುಗಳ ಪಾಲು ಸುಮಾರು 120 ಕೋಟಿ, ಮುಖ್ಯ ಗುತ್ತಿಗೆದಾರರದು 180 ಕೋಟಿ, ಉಪಗುತ್ತಿಗೆದಾರರು ಮತ್ತು ಸರಬರಾಜುದಾರರದು 220 ಕೋಟಿ. ಉಳಿದ 1,060 ಕೋಟಿ ಡಾಲರ್, ಎಂದರೆ ಮೂರನೇ ಎರಡು ಭಾಗ, ಕಟ್ಟಡದ ಮಾಲೀಕರು ಮತ್ತು ಅದನ್ನು ನಡೆಸುವವರ ಪಾಲಿಗೆ. ಅಂಕಿ ಹಳೆಯದು, ದೇಶವೂ ಬೇರೆ. ಆದರೆ ಈ ಅನುಪಾತದ ಹಿಂದಿನ ತರ್ಕ ಎಲ್ಲೆಡೆಗೂ ಒಂದೇ. ತಂತ್ರಾಂಶವನ್ನು ಆರಿಸುವವರು ವಾಸ್ತುಶಿಲ್ಪಿ. ಕಟ್ಟಡದೊಂದಿಗೆ ಮೂವತ್ತು ವರ್ಷ ಬಾಳುವವರು ಮಾಲೀಕರು.

ಹೀಗಿರುವಾಗ ಮಾಲೀಕರು ಕರಾರಿನ ಹಂತದಲ್ಲೇ ಬಾಯಿ ತೆರೆಯಬೇಕು. ಮೊದಲು ಇತ್ಯರ್ಥವಾಗಬೇಕಾದದ್ದು ವಿನ್ಯಾಸವನ್ನು ಸ್ಥಗಿತಗೊಳಿಸುವ ದಿನ. ಮಾರ್ಚ್ 31ರಂದು ದಾಸ್ತಾನು ಎಣಿಸುವಾಗ ಗೋದಾಮಿನ ಬಾಗಿಲು ಹಾಕುತ್ತಾರೆ; ಸರಕು ಒಳಗೆ ಹೊರಗೆ ಓಡಾಡುತ್ತಿದ್ದರೆ ಎಣಿಕೆ ಆಗದು. ಹಾಗೆಯೇ ಒಂದು ದಿನಾಂಕದ ನಂತರ ಸ್ಕೆಚ್‌ಅಪ್ ಮಾದರಿಯಲ್ಲಿ ಬದಲಾವಣೆ ಆಗಕೂಡದು. ಆದರೆ ಅದರ ಮರುನಿರ್ಮಾಣದ ದರ ಇಷ್ಟು ಎಂದು ಮೊದಲೇ ಬರೆದಿರಬೇಕು. ಶುಲ್ಕ ಹೆಚ್ಚುವುದಕ್ಕೆ ಮಾಲೀಕರ ಚಂಚಲತೆಯೂ ಬಹಳ ಮಟ್ಟಿಗೆ ಕಾರಣವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಮೆಟ್ಟಿಲನ್ನು ಪೂರ್ವಕ್ಕೆ ಸರಿಸಿ ಎಂದು ಪಾಯ ತೆಗೆದ ಮೇಲೆ ಹೇಳುವ ಮಾಲೀಕರು ನಮ್ಮಲ್ಲಿ ಕಡಿಮೆಯೇನಿಲ್ಲ.

ಎರಡನೆಯದು ಹಕ್ಕಿನ ವಿಷಯ. ಮಾದರಿಗೆ ಹಣ ಕೊಟ್ಟ ಮಾತ್ರಕ್ಕೆ ಅದು ಮಾಲೀಕರದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪದ ನಕ್ಷೆಯ ಪ್ರಥಮ ಹಕ್ಕುದಾರ ಸಾಮಾನ್ಯವಾಗಿ ಅದನ್ನು ರಚಿಸಿದವರೇ. ವಾಸ್ತುಶಿಲ್ಪ ಪರಿಷತ್ತಿನ ಕರಾರು ಷರತ್ತುಗಳೂ ಅದನ್ನೇ ಹೇಳುತ್ತವೆ. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷ ಎಂದೇ ಅರ್ಥ. ಪೂರ್ಣ ವರ್ಗಾವಣೆಯನ್ನು ವಾಸ್ತುಶಿಲ್ಪಿಗಳು ಒಪ್ಪುವುದು ಅಪರೂಪ, ಒತ್ತಾಯಿಸುವುದೂ ಉಚಿತವಲ್ಲ. ಅದೇ ಕಟ್ಟಡದ ದುರಸ್ತಿ, ವಿಸ್ತರಣೆ, ವಿಮೆ ಮತ್ತು ನಿರ್ವಹಣೆಗಾಗಿ ತಿದ್ದಬಲ್ಲ ಕಡತವನ್ನು ಅವಧಿಯ ಮಿತಿಯಿಲ್ಲದೆ ಬಳಸುವ ಪರವಾನಗಿ ದೊರೆತರೆ ಮಾಲೀಕರಿಗೆ ಸಾಕು. ಮುದ್ರಿತ ನಕ್ಷೆಯನ್ನೂ ಪಿಡಿಎಫ್ ಪ್ರತಿಯನ್ನೂ ಮಾತ್ರ ಪಡೆದು ಸುಮ್ಮನಾದವರು ಹತ್ತು ವರ್ಷದ ನಂತರ ಇನ್ನೊಂದು ಮಹಡಿ ಏರಿಸುವಾಗ ಮತ್ತೆ ಮೊದಲಿನಿಂದ ಅಳತೆ ತೆಗೆಸಬೇಕಾಗುತ್ತದೆ.

ತೆರಿಗೆಯ ದೃಷ್ಟಿಯಿಂದ ಒಂದು ಮಾತು. ವಾಸ್ತುಶಿಲ್ಪಿಯ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಸ್ವಂತ ಬಳಕೆಗೆ ಕಟ್ಟಡ ಕಟ್ಟಿಸುವವರಿಗೆ, ಆ ಖರ್ಚು ಕಟ್ಟಡದ ವೆಚ್ಚಕ್ಕೆ ಸೇರುವಷ್ಟರ ಮಟ್ಟಿಗೆ, ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಅಡಿಯಲ್ಲಿ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಮಾದರಿಯನ್ನು ಮರುನಿರ್ಮಿಸಲು 5 ಲಕ್ಷ ರೂಪಾಯಿ ಹೆಚ್ಚುವರಿ ಶುಲ್ಕ ತೆತ್ತರೆ ನಿಜವಾದ ಹೊರೆ 5.90 ಲಕ್ಷ, ಅದು ವಾಣಿಜ್ಯ ಕಟ್ಟಡದ ವೆಚ್ಚಕ್ಕೆ ಸೇರಿ ಆದಾಯ ತೆರಿಗೆಯಲ್ಲಿ ಶೇಕಡಾ 10ರ ಸವಕಳಿಯಾಗಿ ವರ್ಷವರ್ಷ ಕರಗಬೇಕು. ಕೆಲವು ಸಂಸ್ಥೆಗಳು ಈ ಮೊತ್ತವನ್ನು ಕಂಪ್ಯೂಟರ್ ಖರ್ಚು ಎಂದು ನೇರವಾಗಿ ಲಾಭ ನಷ್ಟದ ಖಾತೆಗೆ ಹಾಕುವುದುಂಟು. ಕಟ್ಟಡದ ನಕ್ಷೆಗೆ ಆದ ವೆಚ್ಚ ಕಟ್ಟಡದ್ದೇ. ಆ ಕ್ರಮ ತನಿಖೆಯಲ್ಲಿ ನಿಲ್ಲುವುದು ಕಷ್ಟ.

ಸ್ವಂತ ವಿನ್ಯಾಸ ವಿಭಾಗ ಇಟ್ಟುಕೊಂಡಿರುವ ನಿರ್ಮಾಣ ಸಂಸ್ಥೆಗಳಿಗೆ ತಂತ್ರಾಂಶದ ಪರವಾನಗಿಯೇ ಒಂದು ಲೆಕ್ಕ. ಆಟೋಡೆಸ್ಕ್ 2016ರಲ್ಲಿ, ಸ್ಕೆಚ್‌ಅಪ್ 2020ರ ನವೆಂಬರಿನಲ್ಲಿ ಶಾಶ್ವತ ಪರವಾನಗಿಗಳ ಹೊಸ ಮಾರಾಟವನ್ನು ನಿಲ್ಲಿಸಿದವು. ಅಲ್ಲಿಂದೀಚೆಗೆ ಇದು ಬಾಡಿಗೆ. ವಾರ್ಷಿಕ ಚಂದಾ ರಾಜಸ್ವ ವೆಚ್ಚ. ವಿದೇಶಿ ಮಾರಾಟಗಾರರಿಗೆ ನೇರವಾಗಿ ಹಣ ಕಳುಹಿಸುವಾಗ ಅದು ರಾಯಧನವೇ, ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂಬ ವಿವಾದ ಬಹುಕಾಲ ನಡೆಯಿತು. 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಇಲಾಖೆಯ ಪರವಾಗಿ ತೀರ್ಪಿತ್ತಿತ್ತು. ಬೆಂಗಳೂರಿನದೇ ಆದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಅದನ್ನು ತಳ್ಳಿಹಾಕಿ, ತೆರಿಗೆ ಒಪ್ಪಂದಗಳ ಅಡಿಯಲ್ಲಿ ಅಂಥ ಪಾವತಿ ರಾಯಧನವಲ್ಲವೆಂದು ತೀರ್ಮಾನಿಸಿತು. ಆದರೆ ಆಮದು ಸೇವೆಯ ಮೇಲಿನ ಜಿಎಸ್‌ಟಿಯನ್ನು ಪಡೆದವರೇ ಕಟ್ಟುವ ಹೊಣೆ ಇದರಿಂದ ತಪ್ಪುವುದಿಲ್ಲ.

ಬಾಡಿಗೆಯ ಪದ್ಧತಿಗೆ ಇನ್ನೊಂದು ಮುಖವಿದೆ. ಚಂದಾ ನಿಂತ ದಿನ ಕಡತ ಬಳಿಯಲ್ಲಿದ್ದರೂ ಅದನ್ನು ತಿದ್ದುವ ದಾರಿ ಇರುವುದಿಲ್ಲ. ಕಂಪನಿ ಕಾಯ್ದೆ ಲೆಕ್ಕಪುಸ್ತಕಗಳನ್ನು 8 ವರ್ಷ ಕಾಪಾಡಬೇಕೆನ್ನುತ್ತದೆ; ಕಟ್ಟಡದ ನಕ್ಷೆ ಕಟ್ಟಡ ಇರುವವರೆಗೂ ಬೇಕು. ಆದ್ದರಿಂದ ಕೊನೆಯ ಕಂತಿನ ಹಣ ಬಿಡುಗಡೆ ಮಾಡುವ ಮೊದಲು ಮಾಲೀಕರು ನಾಲ್ಕು ಬಗೆಯ ಪ್ರತಿಗಳನ್ನು ಕೇಳಿ ಪಡೆಯುವುದು ಕ್ಷೇಮ: ಆವೃತ್ತಿಯ ಸಂಖ್ಯೆ ನಮೂದಿಸಿದ ರೆವಿಟ್ ಮೂಲ ಕಡತ, ಅದರ ಐಎಫ್‌ಸಿ ಪ್ರತಿ, ಆಟೋಕ್ಯಾಡ್ ಸ್ವರೂಪದ ನಕ್ಷೆಗಳು, ಸಹಿ ಮಾಡಿದ ಪಿಡಿಎಫ್. ಇವನ್ನು ಕಚೇರಿಯ ಕಂಪ್ಯೂಟರಿನ ಹೊರಗೆ ಇನ್ನೊಂದು ಕಡೆಯೂ ಇರಿಸಬೇಕು. ವರ್ಷಕ್ಕೊಮ್ಮೆ ಕಟ್ಟಡದ ವಿಮೆ ನವೀಕರಿಸುವ ದಿನವೇ ಐಎಫ್‌ಸಿ ಕಡತವನ್ನು ಉಚಿತವಾಗಿ ದೊರೆಯುವ ಯಾವುದಾದರೊಂದು ವೀಕ್ಷಣಾ ತಂತ್ರಾಂಶದಲ್ಲಿ ತೆರೆದು, ಅದು ಇನ್ನೂ ತೆರೆಯುತ್ತದೆಯೇ ಎಂದು ನೋಡುವ ಕೆಲಸವನ್ನು ಕಚೇರಿಯ ಗುಮಾಸ್ತರಿಗೆ ವಹಿಸಬಹುದು.